ಹತ್ತಿಕಾಯಿಯ ಪೇಟೆಂಟು

ಬುದ್ಧಿವಂತರಿಗೆ ದಿನಕ್ಕೊಂದು ಯೋಚನೆ ಹೊಳೆಯುತ್ತದೆ. ಹಾಗಾಗಿ ಅವರು ಧಾರಾಳಿಗಳು. ಆಯುಷ್ಯದಲ್ಲಿ ಒಂದೇ ಹೊಳೆದ ನನ್ನಂಥವನ ಜಿಪುಣತನ ಹೇಳತೀರದು. ಎಪ್ಪತ್ತರ ದಶಕದ ಕೊನೆಗೆ ನಾನು ಆದೋನಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಮಾರುಕಟ್ಟೆಗೆ ಯಾವ ಊರಿಂದ ಎಷ್ಟು ಹತ್ತಿ ಬಂತೆಂದು ತೋರಿಸಲು ಒಂದು ಚಿತ್ರ ಕಂಡುಹಿಡಿದೆ. ನಕ್ಷೆಯಲ್ಲಿ ಊರಿಗೊಂದು ಹತ್ತಿಕಾಯಿ. ಹೆಚ್ಚು ಬಂದಷ್ಟೂ ಕಾಯಿ ಹೆಚ್ಚು ಬಿರಿದಿರುತ್ತದೆ. ಅಕ್ಷರ ಬಾರದವರೂ ಓದಬಹುದು. ಇದಕ್ಕೆ ಪೇಟೆಂಟ್ ಪಡೆಯಲೇಬೇಕೆಂದು ಮದ್ರಾಸಿನ ವಕೀಲರೊಬ್ಬರಿಗೆ ಬರೆದೆ. ತರಗತಿಯಲ್ಲಿ ಕಲಿಸುವ ಸರಾಸರಿ, ಸ್ತಂಭಚಿತ್ರಗಳೆಲ್ಲ ಯಾರದೋ ಬುದ್ಧಿ, ಅವನ್ನು ಬಳಸಲು ನಾನು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ ಎಂಬುದು ಆಗ ನೆನಪಾಗಲಿಲ್ಲ. ಹೆಂಡತಿಗೆ ನೆನಪಾಯಿತು. "ಅಲ್ರೀ, ನನ್ನ ರಂಗೋಲಿ ನೋಡಿ ಓಣಿ ಮಂದಿಯೆಲ್ಲಾ ಹಾಕ್ತಾರ. ನಾ ಯಾರಿಗರ ಬ್ಯಾಡ ಅಂದೀನೇನು?" ಎಂದಳು. ರಂಗೋಲಿಯೂ ಶಾಸ್ತ್ರವೂ ಒಂದೇ ಏನೇ ಎಂದು ನಕ್ಕುಬಿಟ್ಟೆ.

ಆ ಬೇಸಿಗೆಯಲ್ಲಿ ಕೌತಾಳಂ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ಆಗಿದ್ದ, ಹೆಂಡತಿಯ ಪರಿಚಯದ ಶರಣಮ್ಮ ಮನೆಗೆ ಬಂದರು. ಗೋಡೆಯ ಮೇಲಿದ್ದ ನನ್ನ ಚಿತ್ರವನ್ನು ನಿಂತು ನೋಡಿದರು.

"ಸರ, ನಮ್ಮೂರಾಗ ವಾಂತಿ-ಭೇದಿ ಭಾಳ ಐತ್ರಿ. ಒಂದೇ ಬಾವಿ ನೀರು ಕುಡಿಯೋರಿಗೆ ಹತ್ತೇತಿ. ಹೇಳಿದ್ರ ಯಾರೂ ನಂಬವಲ್ರು. ನಿಮ್ಮ ಕಾಯಿ ಹಂಗ ಜಡ್ಡು ಬಂದ ಮನೀಗೊಂದು ಕೊಡ ಬರದು ತೋರಸ್ಲೇನ್ರಿ?"

"ಪೇಟೆಂಟ್ ಬರೋತನಕ ತಡೀರಿ. ಆಮ್ಯಾಲ ನೋಡೋಣು," ಎಂದೆ.

"ಸರೆ, ಹಂಗಾದ್ರ ಬ್ಯಾಡ ಬಿಡ್ರಿ," ಎಂದು ಕಾಫಿ ಕುಡಿದು ಬಸ್ಸಿಗೆ ಹೋದರು.

ಮೂರು ತಿಂಗಳ ಮೇಲೆ ವಕೀಲರ ಕಾಗದ ಬಂತು. ಇದು ಯಂತ್ರವಲ್ಲ, ತಯಾರಿಸಿ ಮಾರುವ ವಸ್ತುವೂ ಅಲ್ಲ. ಎಣಿಸುವ, ತೋರಿಸುವ ವಿಧಾನಗಳಿಗೆಲ್ಲ ಪೇಟೆಂಟ್ ಸಿಗದು ಎಂದು ಎರಡೇ ಸಾಲು. ನಾಲ್ಕು ದಿನ ಆ ಎರಡು ಸಾಲನ್ನೇ ತಿರುತಿರುಗಿ ಓದಿದೆ. ಐದನೆಯ ದಿನ ಚಿತ್ರವನ್ನು ಸುತ್ತಿಕೊಂಡು ಶರಣಮ್ಮನವರ ಊರಿಗೆ ಹೋದೆ. ಅವರ ಕೋಣೆಯ ಗೋಡೆಯ ಮೇಲೆ ಮನೆಗೆಷ್ಟು ರೋಗಿಗಳೆಂದು ದುಂಡಗೆ ಬರೆದ ಅಂಕಿಗಳ ಪಟ್ಟಿಯೊಂದು ತೂಗುತ್ತಿತ್ತು.

"ಇದನ್ನ ಪಂಚಾಯ್ತಿಯವರಿಗೆ ತೋರಿಸಿದ್ದೆ. ಯಾರಿಗೂ ತಿಳೀಲಿಲ್ರಿ. ಅರ್ಧ ಓಣಿ ಮಲಗಿದ ಮ್ಯಾಲ ಬಾವಿ ಮುಚ್ಚಿದ್ರು. ನಮ್ಮವ್ವನೂ ಹದಿನೈದು ದಿನ ಹಾಸಿಗಿ ಹಿಡದಿದ್ಳು."

"ಚಿತ್ರಾನೇ ಬರದಿದ್ರ ಆಗ್ತಿತ್ತಲ್ರಿ?"

"ನೀವು ತಡೀರಿ ಅಂದಿದ್ರಲ್ರಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ ಚಿತ್ರ ಬಿಚ್ಚಿಕೊಟ್ಟೆ, ಹೇಗೆ ಬೇಕೋ ಹಾಗೆ ಬಳಸಿಕೊಳ್ಳಿ ಎಂದೆ. ಅವರು ಅದನ್ನು ಪಟ್ಟಿಯ ಪಕ್ಕಕ್ಕೆ ಹಿಡಿದು ನೋಡಿ, "ಕೆಳಗ ನಿಮ್ಮ ಹೆಸರು ಬರೀಲೇನ್ರಿ?" ಎಂದು ಕೇಳಿದರು.

"ಬ್ಯಾಡ, ಬ್ಯಾಡ," ಎಂದೆ. ಹಾಗೆಂದು, ಅವರು ಇನ್ನೊಮ್ಮೆ ಕೇಳಲಿ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಅವರು ಕೇಳಲಿಲ್ಲ.