ಕಾಯಿ ಬಲಿಯುವವರೆಗೆ

ತೆಂಗಿನಕಾಯಿಗೆ ಮೂರು ಕಣ್ಣಿವೆ; ಅದು ನೋಡಿಕೊಂಡೇ ಬೀಳುತ್ತದೆ, ಮನುಷ್ಯರ ತಲೆಯ ಮೇಲೆ ಬೀಳುವುದಿಲ್ಲ. ತಿಪಟೂರು ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ತೆಂಗು ಕ್ಷೇಮ ಪರಿಷತ್ತಿನ ಅಧ್ಯಕ್ಷರು ಹಂದನಕೆರೆಯ ತೋಟವೊಂದರಲ್ಲಿ ಭಾಷಣ ಮಾಡುತ್ತಾ ಈ ಮಾತನ್ನೇ ಹೇಳುತ್ತಿದ್ದಾಗ ತಲೆಗೆ ಕಾಯಿ ಬಿದ್ದು ತೀರಿಕೊಂಡರು. ಇದು ಕೊಲೆಯೆಂದು ಪರಿಷತ್ತು ಅಲ್ಲಿಯೇ ತೀರ್ಮಾನಿಸಿತು. ಕಾಯಿ ತಾನಾಗಿ ಬಿತ್ತೆಂದರೆ ದಿವಂಗತರ ಕೊನೆಯ ಮಾತು ಸುಳ್ಳಾಗುತ್ತಿತ್ತು.

ಆರೋಪಿ ಮಾಯಣ್ಣ. ಕಾಯಿ ಬಿದ್ದಾಗ ಅವನು ಅಧ್ಯಕ್ಷರ ಎದುರಿಗೇ ಮಜ್ಜಿಗೆ ಲೋಟ ಹಿಡಿದು ನಿಂತಿದ್ದನ್ನು ಇಡೀ ಸಭೆ ನೋಡಿತ್ತು. ಪರಿಷತ್ತು ಇದನ್ನು ಗಣನೆಗೆ ತೆಗೆದುಕೊಂಡಿತು. ಆದರೆ ಊರಿನಲ್ಲಿ ಮರ ಹತ್ತಬಲ್ಲವನು ಅವನೊಬ್ಬನೇ.

ಕಾರ್ಯದರ್ಶಿ ಜ್ಞಾನೇಶ್ ಮರಣದಂಡನೆ ಓದಲು ಎದ್ದಾಗ, ಮಾಯಣ್ಣನನ್ನು ಸಾಕಿ ಬೆಳೆಸಿದ ಅಕ್ಕ ಪುಟ್ಟಗೌರಮ್ಮ ಕೋಲೂರಿಕೊಂಡು ಮುಂದೆ ಬಂದರು.

“ಅವನನ್ನ ಬುಡಿ ಸ್ವಾಮಿ. ಕಾಯಿ ಕೆಡವಿದ್ದು ನಾನು.”

“ನಿಮಗೆ ಮರ ಹತ್ತೋಕೆ ಬರುತ್ತೇನಜ್ಜಿ?”

“ನೀವು ಬರಕಂಡ್ರೆ ಬತ್ತದೆ.”

“ಸುಳ್ಳು ಕಣ್ರೀ! ನಮ್ಮಕ್ಕ ಜಗಲಿ ಹತ್ತೋಕೂ ನನ್ನ ಭುಜ ಹಿಡೀತಾಳೆ,” ಎಂದು ಮಾಯಣ್ಣ ಕೂಗಿದ.

“ಸುಮ್ಕಿರ್ಲಾ. ದೊಡ್ಡೋರು ಮಾತಾಡ್ತಾವ್ರೆ.”

ತಪ್ಪೊಪ್ಪಿಗೆ ಸಿಕ್ಕಿರುವಾಗ ತನಿಖೆ ದುಂದುವೆಚ್ಚ. ಮಾಯಣ್ಣನ ಹೆಸರು ಹೊಡೆದು ಪುಟ್ಟಗೌರಮ್ಮನ ಹೆಸರು ಬರೆಯಲಾಯಿತು. ಜೀವ ತೆಗೆಯುವ ಅಧಿಕಾರ ಪರಿಷತ್ತಿಗೆ ಇದೆಯೆಂದು ಎಲ್ಲಿ ಬರೆದಿದೆ ಎಂದು ಒಬ್ಬ ಮೇಷ್ಟ್ರು ಕೇಳಿದರು. ಇಲ್ಲವೆಂದು ಎಲ್ಲಿ ಬರೆದಿದೆ ಎಂದು ಜ್ಞಾನೇಶ್ ಕೇಳಿದ ಮೇಲೆ ಮೇಷ್ಟ್ರು ಕೂತರು.

ಶಿಕ್ಷೆಯ ಕ್ರಮ ಹೀಗೆ: ಅಪರಾಧಿಯನ್ನು ಅದೇ ಮರದ ಬುಡದಲ್ಲಿ ಕೂರಿಸತಕ್ಕದ್ದು. ಅದೇ ಮರದ ಬಲಿತ ಕಾಯಿಯನ್ನು ತಲೆಯ ಮೇಲೆ ಕೆಡವತಕ್ಕದ್ದು. ಕಾಯಿಗೆ ಕಣ್ಣಿರುವುದರಿಂದ ತಾನಾಗಿ ಬೀಳಲೆಂದು ಕಾಯುವಂತಿಲ್ಲ. ಕೆಡವುವ ಕೆಲಸಕ್ಕೆ ಮಾಯಣ್ಣನನ್ನೇ ನೇಮಿಸಲಾಯಿತು. ಮರ ಹತ್ತಬಲ್ಲವನು ಊರಿನಲ್ಲಿ ಅವನೊಬ್ಬನೇ ಎಂಬುದು ಈಗಾಗಲೇ ಸಾಬೀತಾಗಿತ್ತು.

ಶಿಕ್ಷೆಯ ದಿನ ಒಂದು ಸಣ್ಣ ಅಡಚಣೆ ಎದುರಾಯಿತು. ಮರದಲ್ಲಿದ್ದ ಬಲಿತ ಕಾಯಿಗಳನ್ನೆಲ್ಲ ಸದಸ್ಯರು ಸಾಕ್ಷ್ಯವೆಂದು ಮಾಯಣ್ಣನ ಕೈಲೇ ಇಳಿಸಿಕೊಂಡು ತಮ್ಮ ತಮ್ಮ ಮನೆಗೆ ಒಯ್ದಿದ್ದರು. ಉಳಿದದ್ದು ಎಳನೀರು.

“ನನ್ ಕೈಲಿ ಆಗಲ್ಲ ಕಣಕ್ಕಾ,” ಎಂದು ಮಾಯಣ್ಣ ಮರದ ತುದಿಯಲ್ಲಿ ಅಳುತ್ತಿದ್ದ.

ಪುಟ್ಟಗೌರಮ್ಮ ಬೆವರೊರೆಸಿಕೊಳ್ಳುತ್ತಿದ್ದ ಜ್ಞಾನೇಶ್ ಕಡೆ ನೋಡಿದರು. “ಬಿಸ್ಲು ಜಾಸ್ತಿ ಸ್ವಾಮಿ. ಕಾಯಿ ಬಲಿಯೋಗಂಟ ಒಂದೊಂದು ಎಳ್ನೀರಾದ್ರೂ ಕುಡೀರಿ.”

ಕುಡಿಯಬಾರದೆಂಬ ನಿಯಮ ಇರಲಿಲ್ಲ. ಕುಡಿದರು.

ಅಂದಿನಿಂದ ಪ್ರತಿ ಸೋಮವಾರ ಪರಿಷತ್ತು ಶಿಕ್ಷೆಯ ಉಸ್ತುವಾರಿಗೆಂದು ಜೀಪಿನಲ್ಲಿ ಬರುತ್ತದೆ. ಮಾಯಣ್ಣ ಗೊನೆ ಇಳಿಸುತ್ತಾನೆ. ಅಪರಾಧಿ ಕೂತಲ್ಲೇ ಕೊಚ್ಚಿ ಕೊಡುತ್ತಾರೆ. ಬಲಿತ ಕಾಯಿ ಸಿಗದ ಕಾರಣ ಶಿಕ್ಷೆ ಮುಂದಕ್ಕೆ ಹೋಗುತ್ತದೆ. ಈ ಮರದಲ್ಲಿ ಮಾತ್ರ ಕಾಯಿ ಏಕೆ ಬಲಿಯುತ್ತಿಲ್ಲ ಎಂದು ತಿಳಿಯಲು ಒಂದು ಉಪಸಮಿತಿ ರಚನೆಯಾಗಿದೆ. ಅದೂ ಸೋಮವಾರವೇ ಬರುತ್ತದೆ, ಲೋಟ ತರುತ್ತದೆ.

ಕಳೆದ ವಾರ ಮಾತ್ರ ಗರಿಗಳ ಮರೆಯಲ್ಲಿ ತಪ್ಪಿಸಿಕೊಂಡ ಕಾಯಿಯೊಂದು ಬಲಿತಿದ್ದನ್ನು ಉಪಸಮಿತಿ ಕೆಳಗಿನಿಂದಲೇ ಪತ್ತೆಹಚ್ಚಿತು. ಪುಟ್ಟಗೌರಮ್ಮ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ಮರದ ತುದಿಯಲ್ಲಿದ್ದ ಮಾಯಣ್ಣ ಅಲುಗಾಡಲಿಲ್ಲ.

“ಅದನ್ನ ಕಿತ್ತು ಜೀಪಿಗೆ ಹಾಕಪ್ಪ, ಮನೇಲಿ ಚಟ್ನಿಗೆ ಕಾಯಿಲ್ಲ,” ಎಂದರು ಜ್ಞಾನೇಶ್. “ಹಗ್ಗದಲ್ಲಿ ಮೆಲ್ಲಗೆ ಬಿಡು. ಹುಷಾರು, ಕೆಳಗೆ ಅಜ್ಜಿ ಕೂತಿದ್ದಾರೆ.”