ಟೀಚರ್ ಲ್ಯಾಪ್‌ಟಾಪಿಗೆ ಕಣ್ಣು ಕತ್ತಲೆ

ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಕೋಲಾರದ ನನ್ನ ಅಂಗಡಿಗೆ ಬರುವ ಯಂತ್ರಗಳಲ್ಲಿ ಅರ್ಧಕ್ಕೆ ರೋಗ ಇರುತ್ತದೆ, ಇನ್ನರ್ಧಕ್ಕೆ ಮನೆಯವರು ಇರುತ್ತಾರೆ. ವಕ್ಕಲೇರಿಯ ಟೀಚರ್ ಒಬ್ಬರ ಲ್ಯಾಪ್‌ಟಾಪಿಗೆ ಎರಡೂ ಇದ್ದವು.

ಅದು ಹಳೆಯ ಯಂತ್ರ. ಏದುಸಿರು ಬಿಡುತ್ತಿದ್ದುದನ್ನು ನೋಡಲಾರದೆ ಹಗುರವಾದ ಲಿನಕ್ಸ್ ಸಾಫ್ಟ್‌ವೇರ್ ಹಾಕಿಕೊಟ್ಟವನು ನಾನೇ. "ಇನ್ನು ಹತ್ತು ವರ್ಷ ಚಿಂತೆ ಬಿಡಿ" ಅಂತ ಜಂಬವನ್ನೂ ಕೊಚ್ಚಿದ್ದೆ. ಆಕೆ ವರ್ಷಗಟ್ಟಲೆ ಅತಿಥಿ ಶಿಕ್ಷಕಿಯಾಗಿದ್ದವರು. ಪ್ರತಿ ಜೂನಿನಲ್ಲೂ ಹೊಸದಾಗಿ ಕೈಮುಗಿದು ಸಾಕಾಗಿತ್ತು. ಈಗ ಮಾಲೂರಿನ ಒಂದು ಶಾಲೆಯವರು ಶುಕ್ರವಾರ ಬಂದು ಆಯ್ಕೆ ಮಾಡುವ ಮೂವರ ಮುಂದೆ ಪಾಠ ಮಾಡಿ ತೋರಿಸಿ ಎಂದಿದ್ದರು. ಹೃದಯ ಬಡಿಯುವುದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿ ವಿವರಿಸಬೇಕು. ಒಪ್ಪಿಗೆಯಾದರೆ ಕಾಯಂ ಕೆಲಸ. ಆಕೆ ಮಂಗಳವಾರ ಅಪ್‌ಡೇಟ್ ಮಾಡಿದರು, ಪರದೆ ಕಪ್ಪಾಗಿ ಕೂತಿತು.

೧. ಕಾಣದ ಪಾಸ್‌ವರ್ಡ್

ಪರದೆಯ ಮೇಲೆ ಚಿತ್ರ ಮೂಡಿಸುವ ಸಾಫ್ಟ್‌ವೇರಿಗೆ ಗ್ರಾಫಿಕ್ಸ್ ಡ್ರೈವರ್ ಎನ್ನುತ್ತಾರೆ. ಅಪ್‌ಡೇಟಿನಲ್ಲಿ ಅದೇ ಕೈಕೊಟ್ಟಿತ್ತು. ಟೀಚರ್ ಯಜಮಾನರು ಫೋನ್ ಮಾಡಿದರು. ಅವರಿಂದ ಒಂದೆರಡು ಕೀ ಒತ್ತಿಸಿ, ಬರೀ ಅಕ್ಷರ ಕಾಣುವ ಪರದೆಗೆ ಕರೆತಂದು, ಡ್ರೈವರ್ ಮತ್ತೆ ಹಾಕುವ ಆಜ್ಞೆ ಟೈಪ್ ಮಾಡಿಸಿದೆ. ಅದು ಪಾಸ್‌ವರ್ಡ್ ಕೇಳಿತು.

"ಸಾರ್, ಕೀಬೋರ್ಡೂ ಹೋಯ್ತು. ಒಂದಕ್ಷರಾನೂ ಬೀಳ್ತಿಲ್ಲ."

"ಬೀಳ್ತಾ ಇದೆ, ಕಾಣಲ್ಲ ಅಷ್ಟೇ. ಯಾರೂ ನೋಡ್ಬಾರ್ದು ಅಂತ ಹಂಗೆ ಮಾಡವ್ರೆ."

"ನನಗೂ ಕಾಣ್ದಿದ್ರೆ ಸರಿಯಾಗ್ ಹೊಡ್ದೆ ಅಂತ ಹೆಂಗ್ ಗೊತ್ತಾಗ್ಬೇಕು?"

ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. ಒಂದೊಂದು ಕೀ ಒತ್ತಿದಾಗಲೂ ಆ ಅಕ್ಷರವನ್ನು ಗಟ್ಟಿಯಾಗಿ ಕೂಗತೊಡಗಿದರು. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಬೀದಿ ಕಡೆಯ ಜಗಲಿಯಲ್ಲಿ ಮಾತ್ರ, ಕೂತಿದ್ದದ್ದೂ ಅಲ್ಲೇ. ಡೇರಿಗೆ ಜನ ಹಾಲು ಹಾಕಿ ಬರುವ ಹೊತ್ತು. ಎರಡು ಸಲ ತಪ್ಪಾಯಿತು. ಮೂರನೇ ಸಲ ಕೂಗಿ ಮುಗಿಸುವಷ್ಟರಲ್ಲಿ ಬೀದಿಯಿಂದ ಯಾರೋ ಹೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು: "ಕೊನೇದೊಂದ್ ಸೊನ್ನೆ ಬಿಟ್ಟೆ ಕಣಪ್ಪಾ."

೨. ಮೈತುಂಬಿಕೊಂಡ ಮಗ

ಪಾಸ್‌ವರ್ಡ್ ಸರಿಹೋದರೂ ಡ್ರೈವರ್ ಸರಿಹೋಗಲಿಲ್ಲ. ಬುಧವಾರ ಟೀಚರ್ ಲ್ಯಾಪ್‌ಟಾಪ್ ತಗೊಂಡು ಅಂಗಡಿಗೇ ಬಂದರು, ಜೊತೆಗೆ ಅವರ ಅತ್ತೆ. ನಾನು ಡ್ರೈವರ್ ಇಲ್ಲದೆಯೇ ಹೇಗೋ ಪರದೆ ತೆರೆಸಿದೆ. ಹಾಗೆ ತೆರೆದರೆ ಚಿತ್ರದ ಅಳತೆ ಕೆಡುತ್ತದೆ, ಎಲ್ಲವೂ ಅಡ್ಡಡ್ಡ ಹಿಗ್ಗುತ್ತದೆ. ಪರದೆ ತುಂಬಾ ಟೀಚರ್ ಮದುವೆಯ ಫೋಟೊ. ಮದುಮಗನ ಕೆನ್ನೆ ಆಚೆ ಅಂಚಿಗೂ ಈಚೆ ಅಂಚಿಗೂ ಹರಡಿತ್ತು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ನನ್ ಮಗ ಎಷ್ಟ್ ಮೈತುಂಬ್ಕೊಂಡವ್ನೆ ನೋಡಮ್ಮ," ಎಂದು ಸೊಸೆಗೆ ತೋರಿಸಿದರು. ಸೊಸೆ ತುಟಿ ಬಿಗಿಹಿಡಿದು ಗೋಡೆಯ ಕಡೆ ತಿರುಗಿಕೊಂಡರು.

ಮಧ್ಯಾಹ್ನದವರೆಗೆ ಗುದ್ದಾಡಿ ಹೊಸ ಡ್ರೈವರ್ ತೆಗೆದು ಹಳೆಯದನ್ನೇ ಹಾಕಿದೆ. ಚಿತ್ರ ತನ್ನ ಅಳತೆಗೆ ಬಂತು. ಪಾಠದ ಹೃದಯ ಚೆನ್ನಾಗಿ ಬಡಿಯಿತು, ಟೀಚರ್ ಮುಖಕ್ಕೂ ಕಳೆ ಬಂತು. ಅತ್ತೆಗೆ ಮಾತ್ರ ಸಮಾಧಾನವಿಲ್ಲ.

"ಏನಪ್ಪಾ, ರಿಪೇರಿ ಮಾಡಿ ನನ್ ಮಗನ್ನ ಸೊರಗಿಸ್ಬಿಟ್ಟೆ. ಮೊದ್ಲಿದ್ದಿದ್ದೇ ಬಾಗುಂದಿ, ಚೆಂದಾಗಿತ್ತು, ಹಂಗೇ ಮಾಡ್ಕೊಡು."

೩. ಮಾಲೂರಿನಿಂದ ಫೋನು

ಶುಕ್ರವಾರ ಬೆಳಿಗ್ಗೆ ಶಾಲೆಯಿಂದ ಟೀಚರ್ ಫೋನ್. "ಸರ್, ಪರದೆ ಮತ್ತೆ ಕತ್ತಲೆ ಆಗಿದೆ. ಇನ್ನ ಅರ್ಧ ಗಂಟೇಲಿ ಕರೀತಾರೆ."

ಬಿಡಿಸಿ ಕೇಳಿದೆ. ಪೂರ್ತಿ ಕಪ್ಪಲ್ಲ, ಮಬ್ಬು. ಬೆಳಕು ಹೆಚ್ಚಿಸುವ ಕೀ ಒತ್ತಿಸಿದೆ. ಬೆಳಗಿತು, ಒಂದೇ ಗಳಿಗೆಯಲ್ಲಿ ತಾನಾಗಿಯೇ ಮಂಕಾಯಿತು. ಮತ್ತೆ ಒತ್ತಿಸಿದೆ, ಮತ್ತೆ ಮಂಕು. ಆರಿಸಿ ಹಚ್ಚಿಸಿದರೂ ಅದೇ ಕಥೆ. ಹಾಕಿದ ಡ್ರೈವರನ್ನೂ ಅದನ್ನು ಬರೆದವರನ್ನೂ ಮನಸ್ಸಿನಲ್ಲೇ ಬೈದೆ. ನನ್ನ ಜಂಬ ನೆನೆದು ನನಗೇ ನಾಚಿಕೆಯಾಯಿತು. ಏನೂ ತೋಚದೆ, "ಪರದೇದೊಂದು ಫೋಟೊ ಕಳ್ಸಿ" ಎಂದೆ.

ಫೋಟೊ ಬಂತು. ಪರದೆಯ ಮೇಲಂಚಿನಲ್ಲಿ, ಕ್ಯಾಮೆರಾದ ಪಕ್ಕದಲ್ಲೇ, ಕಾಸಿನಗಲ ಅರಿಶಿನ, ಅದರ ಮೇಲೆ ಕುಂಕುಮ.

"ಇದೇನ್ ಟೀಚರ್?"

"ಅತ್ತೆ ಸರ್. ಒಳ್ಳೇ ಕೆಲ್ಸಕ್ಕೆ ಹೊರಟಿದೀಯ ಅಂತ ಬೆಳಿಗ್ಗೆ ಪೂಜೆ ಮಾಡಿ ಇಟ್ರು."

ಆ ಜಾಗದಲ್ಲಿ ಸಾಸಿವೆ ಕಾಳಷ್ಟು ಒಂದು ಕಣ್ಣಿದೆ. ಸುತ್ತ ಎಷ್ಟು ಬೆಳಕಿದೆ ಎಂದು ಅಳೆಯುವುದು ಅದರ ಕೆಲಸ. ಕತ್ತಲಾದರೆ ಪರದೆಯನ್ನೂ ಮಂಕು ಮಾಡುತ್ತದೆ. ಕಣ್ಣಿನ ಮೇಲೆ ಅರಿಶಿನ ಕುಂಕುಮ ಮೆತ್ತಿದರೆ ಅದಕ್ಕೆ ಹಗಲೂ ಅಮಾವಾಸ್ಯೆಯೇ. ಡ್ರೈವರ್ ಪಾಪದ್ದು, ಸುಮ್ಮನೆ ಬೈಸಿಕೊಂಡಿತ್ತು.

"ಅದನ್ನ ಒರೆಸಿಬಿಡಿ, ಸರಿಹೋಗುತ್ತೆ."

ಆಕೆ ಸಣ್ಣ ದನಿಯಲ್ಲಿ, "ಶುಕ್ರವಾರ ಸರ್. ಇಂಥಾ ದಿನ ಕುಂಕುಮ ಒರೆಸೋದಾ?" ಎಂದರು.

ವಿಜ್ಞಾನದ ಟೀಚರ್. ಆದರೆ ಆ ಹೊತ್ತಿನಲ್ಲಿ ನಾನೇ ಆಗಿದ್ದರೂ ಒರೆಸುತ್ತಿರಲಿಲ್ಲ. "ಒರೆಸ್ಬೇಡಿ ಟೀಚರ್. ಬೆರಳಲ್ಲಿ ತೆಗೆದು ನಿಮ್ಮ ಹಣೆಗಿಟ್ಕೊಳ್ಳಿ," ಎಂದೆ. ಆಕೆ ನಕ್ಕು ಹಾಗೇ ಮಾಡಿದರು. "ಬೆಳಕು ಬಂತು ಸರ್."

ಕೆಲಸ ಸಿಕ್ಕಿತು. ಮರುದಿನ ಅತ್ತೆ ಸೊಸೆ ಇಬ್ಬರೂ ಅಂಗಡಿಗೆ ಬಂದು ಮೈಸೂರುಪಾಕು ಕೊಟ್ಟರು. ನನಗೆ ಕಣ್ಣಂಚು ಒದ್ದೆಯಾದದ್ದು ನಿಜ. ಫೋನಿನಲ್ಲಿ ನಡೆದದ್ದನ್ನು ಸೊಸೆ ಮನೆಯಲ್ಲಿ ಹೇಳಿಲ್ಲವೆಂದು ಅತ್ತೆ ಬಾಯಿ ತೆರೆದ ಕೂಡಲೇ ತಿಳಿಯಿತು.

"ನೀನು ದಿನವೆಲ್ಲಾ ಕುಟ್ದೆ, ನಾನು ಒಂದ್ ಬೊಟ್ಟಿಟ್ಟೆ. ಯಾವ್ದ್ರಿಂದ ಕೆಲ್ಸ ಆಯ್ತು ಹೇಳಪ್ಪಾ?"

ಸೊಸೆ ಅತ್ತೆಯ ಬೆನ್ನ ಹಿಂದೆ ನಿಂತು ನನಗೆ ಕೈಮುಗಿದರು.

"ನಿಮ್ಮ ಬೊಟ್ಟಿಂದಾನೇ ಅಮ್ಮ," ಎಂದೆ.

ಅತ್ತೆ ಸೆರಗಿನ ಗಂಟು ಬಿಚ್ಚಿ ಕುಂಕುಮದ ಡಬ್ಬಿ ತೆಗೆದು, ಮೇಜಿನ ಮೇಲೆ ರಿಪೇರಿಗೆ ಸಾಲಾಗಿ ತೆರೆದಿಟ್ಟಿದ್ದ ಲ್ಯಾಪ್‌ಟಾಪ್‌ಗಳ ಕಡೆ ನಡೆದರು. ಟೀಚರೂ ನಾನೂ ಓಡಿಹೋಗಿ ಒಂದೊಂದನ್ನೇ ಪಟಪಟನೆ ಮುಚ್ಚಿದೆವು.