ಗುಬ್ಬಿ ಹುಡುಕಿದ ಇಂಟು ಗುರುತು

ಮಂಗಳವಾರದ ಡೈರಿಯ ಪುಟದಲ್ಲಿ ನನ್ನದೇ ದುಂಡನೆಯ ಅಕ್ಷರಗಳಲ್ಲಿ, ಕೆಳಗೆ ಎರಡು ಗೆರೆ ಎಳೆದು, ಹೀಗೆ ಬರೆದಿದೆ: 'ಈ ಸಲ ಲ್ಯಾಪ್‌ಟಾಪನ್ನು ನಾನೊಬ್ಬಳೇ ಆರಿಸುತ್ತೇನೆ. ಯಾರ ಸಲಹೆಯೂ ಬೇಡ. ಶುಕ್ರವಾರದೊಳಗೆ ಮುಗಿಸುತ್ತೇನೆ!'

ಆ ಎರಡು ಗೆರೆಗಳನ್ನು ಈಗ ನೋಡಿದರೆ ನನಗೇ ನಗು ಬರುತ್ತದೆ. ಒಂದು ಗೆರೆ ಸಾಕಿತ್ತು.

ವಿಷಯ ಇಷ್ಟು. ಶಾಲಾ ಪುಸ್ತಕಗಳನ್ನು ಅಚ್ಚು ಹಾಕುವ ಪ್ರಕಾಶನವೊಂದಕ್ಕೆ ನಾನು ಕರಡು ತಿದ್ದುತ್ತಿದ್ದವಳು. ಮಗಳು ಹುಟ್ಟಿದ ಮೇಲೆ ಮೂರೂವರೆ ವರ್ಷ ಆ ಕೆಂಪು ಪೆನ್ನಿಗೆ ರಜೆ ಕೊಟ್ಟಿದ್ದೆ. ಹೋದ ವಾರ ಅಲ್ಲಿನ ಸಂಪಾದಕಿ ಮೇಡಂ ತಾವಾಗಿಯೇ ಫೋನ್ ಮಾಡಿದರು.

"ಮನೆಯಿಂದಲೇ ಮಾಡಮ್ಮ. ಆದ್ರೆ ಈಗ ಎಲ್ಲಾ ಕಂಪ್ಯೂಟರಲ್ಲೇ ತಿದ್ದಬೇಕು. ಒಳ್ಳೇ ಲ್ಯಾಪ್‌ಟಾಪ್ ಇದ್ರೆ ಸೋಮವಾರದಿಂದ ಶುರು. ಇಲ್ಲಾಂದ್ರೆ ಹೇಳ್ಬಿಡು, ಇನ್ನೊಬ್ಬರು ಕಾಯ್ತಿದ್ದಾರೆ."

ಇನ್ನೊಬ್ಬರು ಎಂದ ಕೂಡಲೇ ನನ್ನ ನಾಲಿಗೆ ನನ್ನನ್ನು ಕೇಳದೆ ಓಡಿತು. "ಇದೆಯಲ್ಲಾ ಮೇಡಂ! ಹೊಚ್ಚ ಹೊಸದು!"

ನಮ್ಮನೆಯ ಹೊಚ್ಚ ಹೊಸದರ ಸ್ಥಿತಿಯನ್ನು ನೀವು ನೋಡಬೇಕಿತ್ತು. ಮುಚ್ಚಳದ ಕೀಲು ಮುರಿದು ವರ್ಷವಾಗಿದೆ. ಪರದೆಯನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿದರೆ ಮಾತ್ರ ನಿಲ್ಲುತ್ತದೆ. ಅಡುಗೆಗೆ ಹಿಟ್ಟು ಬೇಕಾದರೆ ಪರದೆ ಅಂಗಾತ ಮಲಗುತ್ತದೆ. ಮಗಳು ಒಮ್ಮೆ ಅದಕ್ಕೂ ಹಾಲು ಕುಡಿಸಿದ್ದರಿಂದ, ಒಂದು ಅಕ್ಷರ ಒತ್ತಿದರೆ ಉದಾರವಾಗಿ ಆರು ಮೂಡುತ್ತವೆ. ಇಂಥದ್ದರಲ್ಲಿ ತಪ್ಪು ತಿದ್ದುವುದೆಂದರೆ ಕೆಸರಿನ ಕೈಯಲ್ಲಿ ಕನ್ನಡಿ ಒರೆಸಿದಂತೆ.

ನನ್ನ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು. ಸಮಸ್ಯೆ ಹೇಳಿದರೆ ಸ್ಪ್ಯಾನರ್ ಹುಡುಕುವ ಜಾತಿ. "ನಾನು ಲಿಫ್ಟ್ ನೋಡ್ಕೊಳ್ಳೋ ಬಿಲ್ಡಿಂಗ್ ಕೆಳಗೇ ಒಂದು ಅಂಗಡಿ ಇದೆ ಕಣೇ. ಹೋಗಿ ತಂದ್ಬಿಡೋಣ" ಎಂದರು.

"ಹತ್ತು ನಿಮಿಷದಲ್ಲಿ ಫ್ಯಾನ್ ತಂದ್ರಲ್ಲ, ಹಾಗಾ? ಅದು ಗಾಳಿ ಕೊಡುತ್ತಾ? ಬರೀ ಹೆಲಿಕಾಪ್ಟರ್ ಸದ್ದು! ನಾನು ಎಲ್ಲಾ ಓದಿ, ತೂಗಿ ನೋಡಿ ತಗೋತೀನಿ. ಅಂದ ಹಾಗೆ ಒದ್ದೆ ಟವೆಲ್ ಎಲ್ಲಿ ಹಾಕಿದ್ರಿ? ಬಾಗಿಲ ಚಿಲಕ ಹಾಕಿದ್ರಾ? ಮಾತ್ರೆ ನುಂಗಿದ್ರಾ?"

ಅವರು ಮೂರಕ್ಕೂ ಸೇರಿಸಿ ಒಂದೇ ಸಲ ತಲೆ ಆಡಿಸಿದರು.

ಹೀಗೆ ಬುಧವಾರ ಬೆಳಿಗ್ಗೆ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಿಟ್ಟಿನ ಡಬ್ಬದ ಸಾಕ್ಷಿಯಲ್ಲಿ ನಾನು ಅಂತರ್ಜಾಲ ಪ್ರವೇಶ ಮಾಡಿದೆ. ಮಗಳನ್ನು ನಾವು ಕರೆಯುವುದು ಗುಬ್ಬಿ ಎಂದು. ಓದಲು ಬಾರದು, ಬಾಯಿ ಮಾತ್ರ ನಿಲ್ಲದು.

ನನಗೆ ಬೇಕಿದ್ದದ್ದು ಮೂರೇ ಮಾತು: ಬೆಲೆ ಎಷ್ಟು, ವೇಗ ಎಷ್ಟು, ಕೀಲು ಗಟ್ಟಿಯಾ? ಆದರೆ ಆ ಜಾಲತಾಣದಲ್ಲಿ ಮೊದಲು ಬಂದದ್ದು ಒಂದು ಹಿಮಪರ್ವತ. ಅದರ ತುದಿಯಲ್ಲಿ ಒಂದು ಲ್ಯಾಪ್‌ಟಾಪ್ ತಪಸ್ಸಿಗೆ ಕುಳಿತಂತೆ ಗಿರಗಿರನೆ ತಿರುಗುತ್ತಿತ್ತು. ಕೆಳಗೆ 'ನಿಮ್ಮೊಳಗಿನ ನಿಮ್ಮನ್ನು ಭೇಟಿಯಾಗಿ' ಎಂಬ ವಾಕ್ಯ. ನನ್ನೊಳಗಿನ ನನ್ನನ್ನು ದಿನಾ ಪಾತ್ರೆ ತೊಳೆಯುವಾಗ ಭೇಟಿಯಾಗುತ್ತೇನೆ, ಬೆಲೆ ಹೇಳಪ್ಪ ಎಂದು ಕೆಳಗೆ ಸರಿಸಿದೆ. ಇನ್ನೂ ಸರಿಸಿದೆ. ಬೆರಳು ನೋಯುವಷ್ಟು ಸರಿಸಿದ ಮೇಲೆ, ಅಕ್ಕಿ ತೊಳೆದ ನೀರಿನ ಬಣ್ಣದ ಅಕ್ಷರಗಳಲ್ಲಿ ಏನೋ ಕಂಡಿತು. ಮೂಗು ತಾಗಿಸಿ ಓದಲು ಹೊರಟೆ. ಅಷ್ಟರಲ್ಲಿ ಧಡ್ ಎಂದು ಒಂದು ಪೆಟ್ಟಿಗೆ ಎದ್ದು ನಿಂತಿತು!

'ನಿಮ್ಮ ಈಮೇಲ್ ಕೊಡಿ, ರಿಯಾಯಿತಿ ಪಡೆಯಿರಿ!' ಬೇಡ ಎನ್ನಲು ಒಂದು ಗುಂಡಿ ಇತ್ತು. ಅದರ ಮೇಲೆ 'ಬೇಡ, ನನಗೆ ಹಣ ಉಳಿಸುವುದು ಇಷ್ಟವಿಲ್ಲ' ಎಂದು ಬರೆದಿತ್ತು. ನೋಡಿ, ಮನೆಗೆ ಕರೆದು ಅವಮಾನ ಮಾಡುವುದೆಂದರೆ ಇದು! ಅದನ್ನು ಮುಚ್ಚುವುದರೊಳಗೆ ಮೂಲೆಯಿಂದ ನಗುಮುಖದ ಗೊಂಬೆಯೊಂದು ಇಣುಕಿ 'ನಾನು ಸಹಾಯ ಮಾಡಲೇ?' ಎಂದಿತು. ಅದರ ಮೇಲೆ 'ನಿಮ್ಮ ಅನುಭವ ಹೇಗಿತ್ತು?' ಎಂದು ಐದು ನಕ್ಷತ್ರಗಳು. ಅನುಭವ ಆಗಲು ಬಿಟ್ಟರಲ್ಲವೇ ಹೇಳುವುದು!

"ಇಂಟು ಎಲ್ಲಿ ಇಂಟು?" ಎಂದು ನಾನು ಗೊಣಗಿದೆ. ಮುಚ್ಚುವ ಆ ಅಡ್ಡಗೆರೆಗಳ ಗುರುತನ್ನು ನಮ್ಮನೆಯಲ್ಲಿ ಗುಣಾಕಾರದ ಹೆಸರಿನಿಂದಲೇ ಕರೆಯುವುದು.

"ಅಲ್ಲಿ!" ಎಂದು ಗುಬ್ಬಿ ಬಲಗಡೆಯ ಮೇಲ್ತುದಿಗೆ ಪುಟ್ಟ ಬೆರಳು ಇಟ್ಟಳು. ನಿಜ! ನನ್ನ ಕಣ್ಣಿಗೆ ಕಾಣದ, ಇರುವೆಯ ಕಾಲಿನಷ್ಟು ಇಂಟು ಅವಳಿಗೆ ಕಂಡಿತ್ತು.

ಅಂದಿನಿಂದ ಅವಳಿಗೆ ಮುಚ್ಚುವ ಖಾತೆಯ ಮಂತ್ರಿಗಿರಿ ಸಿಕ್ಕಿತು. ನಾನು ಓದುವುದು, ಅವಳು ಮುಚ್ಚುವುದು. ಕೆಲವು ಇಂಟುಗಳು ಎಡಕ್ಕಿದ್ದವು, ಕೆಲವು ಬೂದಿಯೊಳಗಿನ ಬೂದಿಯಂತೆ ಅಡಗಿದ್ದವು. ಕೆಲವಂತೂ ಮೋಸದವು, ಒತ್ತಿದರೆ ಪೆಟ್ಟಿಗೆ ಮುಚ್ಚುವ ಬದಲು ಇಡೀ ಪರದೆಯಷ್ಟು ಊದಿಕೊಳ್ಳುತ್ತಿತ್ತು. ಆಗ ಗುಬ್ಬಿ "ಅಮ್ಮಾ, ದೊಡ್ಡದಾಯ್ತು!" ಎಂದು ಕಿರುಚುವಳು. ಮಗಳ ಜಾಣತನ ಕಂಡು ನನ್ನೆದೆ ಪರದೆಗಿಂತ ಹೆಚ್ಚು ಊದಿತು. ಡೈರಿಯಲ್ಲಿ ಬರೆದೂ ಬರೆದೆ.

ಯಜಮಾನರು ಊಟ ಮಾಡುತ್ತಾ ಒಂದು ಸಲ ಇಣುಕಿ ನೋಡಿದರು. "ನಮ್ಮ ಲಿಫ್ಟಲ್ಲಿ ಮೇಲೆ, ಕೆಳಗೆ, ಅಷ್ಟೇ ಕಣೇ. ಮೂರನೇ ಮಹಡಿಗೆ ಹೋಗೋ ಮುಂಚೆ ನಿಮ್ಮ ಅನುಭವ ತಿಳಿಸಿ ಅಂತ ನಾನೇನಾದ್ರೂ ಕೇಳಿದ್ರೆ, ಜನ ನನ್ನನ್ನೇ ಲಿಫ್ಟ್ ಹೊಂಡಕ್ಕೆ ತಳ್ತಾರೆ."

"ನೀವು ಸುಮ್ನೆ ಊಟ ಮಾಡಿ. ಉಪ್ಪು ಸರಿಯಾಗಿದ್ಯಾ? ಇನ್ನೊಂಚೂರು ಹಾಕ್ಲಾ? ನಾಳೆ ಯಾವ ಶರ್ಟ್?"

ಶುಕ್ರವಾರ ಬಂತು, ಹೋಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೇಳು ಲ್ಯಾಪ್‌ಟಾಪುಗಳಲ್ಲಿ ಇಪ್ಪತ್ತಾರನ್ನು ತಿರಸ್ಕರಿಸಿ, ಸ್ವಯಂವರದ ರಾಜಕುಮಾರಿಯಂತೆ ಒಂದಕ್ಕೆ ಮಾಲೆ ಹಾಕಲು ಸಿದ್ಧಳಾದೆ. ನಾನು ಕೇಳದಿದ್ದರೂ ಒಂದು ಚೀಲ, ಒಂದು ಮೌಸ್ ಮತ್ತು ಮೂರು ವರ್ಷದ ವಿಮೆ ದಿಬ್ಬಣದವರಂತೆ ಬುಟ್ಟಿಯೊಳಗೆ ಬಂದು ಕುಳಿತಿದ್ದವು. ಅವರನ್ನೆಲ್ಲ ಇಳಿಸಿದೆ. ಮೇಲೆ ಕೆಂಪು ಗಡಿಯಾರ ಓಡುತ್ತಿತ್ತು: 'ಈ ಬೆಲೆ ಇನ್ನು ಒಂಬತ್ತೇ ನಿಮಿಷ!'

ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದರೆ, ಸಂಪಾದಕಿ ಮೇಡಂ!

"ಈ ಕಡೆ ಬಂದಿದ್ದೆ. ಹಳೇ ಮುದ್ರಣದ ಹಾಳೆ ಕೊಟ್ಟು, ನಿಯಮ ಎಲ್ಲಾ ವಿವರಿಸಿ ಹೋಗೋಣ ಅಂತ. ಎಲ್ಲಿ ನಿನ್ನ ಹೊಸ ಲ್ಯಾಪ್‌ಟಾಪ್? ತೋರ್ಸು ನೋಡೋಣ!"

"ಬಂದೆ ಮೇಡಂ, ಕೂತ್ಕೊಳ್ಳಿ!" ಎನ್ನುತ್ತಾ ಓಡಿ, ಕುರ್ಚಿಯ ಮೇಲೆ ಯಜಮಾನರು ಬಿಟ್ಟುಹೋಗಿದ್ದ ಒದ್ದೆ ಟವೆಲನ್ನು ಲ್ಯಾಪ್‌ಟಾಪ್ ಮತ್ತು ಡಬ್ಬದ ಮೇಲೆ ಹೊದಿಸಿದೆ. ಜೀವನದಲ್ಲಿ ಮೊದಲ ಸಲ ಆ ಟವೆಲ್ ಸರಿಯಾದ ಜಾಗದಲ್ಲಿತ್ತು.

ಮೇಡಂ ಕುಳಿತು ಶುರು ಮಾಡಿದರು. ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ, ಪುಟಸಂಖ್ಯೆ ಹೇಗೆ, ಚಿತ್ರದಡಿಯ ಸಾಲು ಹೇಗೆ. ಅವರ ಸ್ವಂತ ಮಾತಿನಲ್ಲಿ ಎರಡೂ ವಿರಾಮಗಳು ಇರಲಿಲ್ಲ. ನನ್ನ ತಲೆಯೊಳಗೆ ಕೆಂಪು ಗಡಿಯಾರ ಓಡುತ್ತಿತ್ತು: ಏಳು ನಿಮಿಷ, ಆರು ನಿಮಿಷ... ಇದ್ದಕ್ಕಿದ್ದಂತೆ ಟವೆಲಿನೊಳಗಿಂದ ಗಂಡು ಧ್ವನಿಯೊಂದು ಅಬ್ಬರಿಸಿತು: "ಇನ್ನೇಕೆ ತಡ? ಹೊಸ ಬದುಕು ಇಲ್ಲಿಂದಲೇ ಶುರು!"

ಮೇಡಂ ಬೆಚ್ಚಿ ಬಿದ್ದರು. "ಯಾರಮ್ಮ ಅದು?"

"ಪಕ್ಕದ ಮನೆಯವರು ಮೇಡಂ... ತುಂಬಾ ಉತ್ಸಾಹದವರು."

ನನ್ನ ಮುಖದಲ್ಲಿ ನಾಲ್ಕು ದಿನದ ಆ ಪರಿಚಿತ ಸಂಕಟ ಕಂಡಿತೋ ಏನೋ, ಗುಬ್ಬಿ ಸೋಫಾ ಏರಿದಳು. ಮಾತು ನಿಲ್ಲಿಸದ ಮೇಡಂ ಅವರನ್ನು ತಲೆ ಓರೆ ಮಾಡಿ ಪರೀಕ್ಷಿಸಿದಳು. ಆಮೇಲೆ ತೋರುಬೆರಳು ಚಾಚಿ, ಅವರ ಬಲಗಿವಿಯ ಮೇಲ್ಭಾಗದಲ್ಲಿ ಒತ್ತಿದಳು.

ಮೇಡಂ ಮುಂದುವರಿದರು. ಗುಬ್ಬಿ ಎಡಗಿವಿಯ ಮೇಲೆ ಒತ್ತಿದಳು. ಆಗಲೂ ನಿಲ್ಲಲಿಲ್ಲ. ಆಗ ಅವಳ ಕಣ್ಣಿಗೆ ಮೇಡಂ ತಲೆಯ ಬಲಬದಿಯಲ್ಲಿ ಎರಡು ಪಟ್ಟಿ ಅಡ್ಡಡ್ಡ ದಾಟಿದ್ದ ಕೂದಲ ಕ್ಲಿಪ್ಪು ಬಿತ್ತು.

"ಸಿಕ್ತು ಇಂಟು!"

ನಾನು ಹಾರುವುದರೊಳಗೆ ಬಲವಾಗಿ ಒತ್ತಿದಳು. ಕ್ಲಿಪ್ಪು ಟಪ್ಪೆಂದು ಹಾರಿತು. ಅಚ್ಚುಕಟ್ಟಾಗಿ ಬಿಗಿದಿದ್ದ ಗಂಟು ಬಿಚ್ಚಿ, ಮೇಡಂ ಕೂದಲು ಭುಜದ ಸುತ್ತ ಎಲ್ಲಾ ದಿಕ್ಕಿಗೂ ಹರಡಿಕೊಂಡಿತು.

ಗುಬ್ಬಿ ಕಂಗಾಲಾಗಿ ನನ್ನ ಕಡೆ ತಿರುಗಿದಳು. "ಅಮ್ಮಾ, ಆಂಟಿ ಮುಚ್ಲಿಲ್ಲ! ದೊಡ್ಡದಾಯ್ತು!"

ಹೋಯಿತು ಕೆಲಸ, ಎಂದುಕೊಂಡೆ. ಇನ್ನು ಮುಚ್ಚಿಟ್ಟು ಪ್ರಯೋಜನವೇನು? ಟವೆಲ್ ಎತ್ತಿ, ಡಬ್ಬ ತೋರಿಸಿ, ಇಂಟುವಿನ ಕತೆಯನ್ನೂ ಸೇರಿಸಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. "ಸುಳ್ಳು ಹೇಳಿದ್ದು ತಪ್ಪಾಯ್ತು ಮೇಡಂ. ಈ ಕೆಲಸ ಕೈ ತಪ್ಪುತ್ತೇನೋ ಅಂತ ಭಯ ಆಯ್ತು."

ಮೇಡಂ ಕೂದಲು ಹಿಂದಕ್ಕೆ ತಳ್ಳಿದರು. ತುಟಿ ಅದುರಿತು. ಬೈಗುಳ ಬಂತು ಎಂದು ಕಣ್ಣು ಮುಚ್ಚಿಕೊಂಡೆ. ಬಂದದ್ದು ನಗು! ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು!

"ಆಫೀಸಲ್ಲಿ ಹದಿನೆಂಟು ಜನ ಈ ಇಂಟು ಹುಡುಕ್ತಾ ಇದ್ದಾರೆ ಕಣಮ್ಮ, ಮನಸ್ಸಲ್ಲೇ! ಕೈ ಹಾಕಿ ಹುಡುಕಿದ ಧೈರ್ಯವಂತೆ ಇವಳೊಬ್ಬಳೇ!"

ಗುಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ಮೇಡಂ ನನ್ನ ಪರದೆಯತ್ತ ಬಗ್ಗಿದರು. ಒಂಬತ್ತು ನಿಮಿಷ ಮುಗಿದಿತ್ತು. ನನ್ನ ಹೃದಯ ಒಡೆಯುವುದರೊಳಗೆ ಗಡಿಯಾರ ತಾನಾಗಿಯೇ ಹೊರಳಿತು: 'ನಿಮಗಾಗಿ ಮಾತ್ರ, ಇನ್ನೂ ಒಂಬತ್ತು ನಿಮಿಷ!'

"ಅದಿರಲಿ, ಇದನ್ನ ಓದಿದ್ಯಾ?" ಎಂದು ಮೇಡಂ ಕೆಳಗೆ, ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ ಬೆರಳಿಟ್ಟರು. 'ತಲುಪಲು ಹನ್ನೆರಡು ದಿನ' ಎಂದಿತ್ತು.

ನಾಲ್ಕು ದಿನ ನಾನು ಎಲ್ಲವನ್ನೂ ಓದಿದ್ದೆ, ಅದೊಂದನ್ನು ಬಿಟ್ಟು.

"ಕರಡು ತಿದ್ದೋಳು ನೀನೇನಾ?" ಎಂದು ಮೇಡಂ ಕ್ಲಿಪ್ಪು ಹಾಕಿಕೊಂಡು ಎದ್ದರು. "ಸೋಮವಾರ ಹತ್ತು ಗಂಟೆಗೆ ಮೊದಲ ಪಾಠ ಕಳಿಸ್ತೀನಿ. ಅಷ್ಟರಲ್ಲಿ ನಿಜವಾದ ಲ್ಯಾಪ್‌ಟಾಪ್ ಇರ್ಲಿ. ಆಯ್ತಾ?"

ಆಯ್ತಾ ಎಂದರೇ! ಕೆಲಸ ಉಳಿದಿತ್ತು. ಬಾಗಿಲು ಹಾಕಿ ಅದಕ್ಕೇ ಒರಗಿ, ಎದೆಯ ಭಾರವನ್ನೆಲ್ಲ ಒಂದೇ ಉಸಿರಿನಲ್ಲಿ ಇಳಿಸಿದೆ.

ಸಂಜೆ ಯಜಮಾನರು ಬಂದ ಕೂಡಲೇ, ಅವರ ಮುಖ ನೋಡದೆ ಗೋಡೆಗೆ ಹೇಳಿದೆ: "ರೀ... ಆ ಬಿಲ್ಡಿಂಗ್ ಕೆಳಗಿನ ಅಂಗಡಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ?"

ಅಂಗಡಿಯವರು ಬಿಳಿ ಮೀಸೆಯ ಹಿರಿಯರು. ಪರ್ವತ ತೋರಿಸಲಿಲ್ಲ. "ಏನು ಕೆಲಸಕ್ಕಮ್ಮ? ಎಷ್ಟರೊಳಗೆ? ಮನೇಲಿ ಮಕ್ಕಳಿದ್ದಾರಾ?" ಎಂದು ಮೂರೇ ಪ್ರಶ್ನೆ. ಮೂರು ಲ್ಯಾಪ್‌ಟಾಪ್ ಮುಂದಿಟ್ಟರು. ನಾನು ಕೀಲು ಅಲ್ಲಾಡಿಸಿದೆ, ಕೀಲಿಮಣೆ ಕುಟ್ಟಿದೆ, ಬೆಲೆ ಕೇಳಿದೆ. ದೊಡ್ಡ ಅಕ್ಷರದಲ್ಲಿ, ಬಾಯಿಬಿಟ್ಟು ಹೇಳಿದರು! ನನ್ನ ಬಜೆಟ್ಟಿನೊಳಗೇ ಇತ್ತು. ಅಷ್ಟರಲ್ಲಿ ಅವರೂ "ಒಂದು ಚೀಲ ಕೊಡ್ಲಾ? ಮೌಸು? ವಿಮೆ?" ಎಂದು ಶುರು ಮಾಡಿದರು. ಗುಬ್ಬಿಯ ಕಣ್ಣು ಅವರ ಬಲಗಿವಿಯತ್ತ ಹೊರಳಿದ್ದು ಕಂಡು, ಅವಳ ಎರಡೂ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಎಲ್ಲಾ ಸೇರಿ ಇಪ್ಪತ್ತು ನಿಮಿಷ. ನಾನು ಹೇಳಿದ್ದೆ ನೋಡು, ಎಂದು ಯಜಮಾನರು ಒಂದು ಸಲವೂ ಅನ್ನಲಿಲ್ಲ. ಪೆಟ್ಟಿಗೆ ಹೊತ್ತು ದಾರಿಯುದ್ದಕ್ಕೂ ಶಿಳ್ಳೆ ಹಾಕಿದರು. ಅಂದಿದ್ದರೇ ವಾಸಿಯಿತ್ತು.

ಮನೆಗೆ ಬಂದು, ಹೊಸ ಲ್ಯಾಪ್‌ಟಾಪ್ ತನ್ನ ಕಾಲ ಮೇಲೆ ತಾನೇ ನಿಂತಿದ್ದನ್ನು ಕಣ್ತುಂಬ ನೋಡಿ, ಹಿಟ್ಟಿನ ಡಬ್ಬವನ್ನು ಗೌರವದಿಂದ ಅಡುಗೆಮನೆಗೆ ನಿವೃತ್ತಿಗೊಳಿಸಿದೆ. ಆಮೇಲೆ ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಲು ತೊಡಗಿದೆ.

"ನೋಡು ಬಂಗಾರಿ, ಮನುಷ್ಯರಿಗೆ ಇಂಟು ಇರಲ್ಲ. ದೊಡ್ಡೋರು ಮಾತಾಡ್ತಿದ್ರೆ ಕೇಳಿಸ್ಕೋಬೇಕು. ಕೈ ತೊಳ್ಕೊಂಡ್ಯಾ? ಆಂಟಿಗೆ ಸಾರಿ ಹೇಳ್ತೀಯಾ? ಹಾಲು ಕುಡೀತೀಯಾ? ಚಪ್ಪಲಿ ಎಲ್ಲಿ ಬಿಟ್ಟೆ? ನಾಳೆಯಿಂದ ಜಾಣೆ ಆಗ್ತೀಯಾ?"

ಗುಬ್ಬಿ ಬಹಳ ಪ್ರೀತಿಯಿಂದ ನನ್ನ ಕೆನ್ನೆ ಹಿಡಿದಳು. ನನ್ನ ಕಣ್ಣು ತುಂಬಿ ಬಂತು. ಆಗ ಅವಳ ಪುಟ್ಟ ತೋರುಬೆರಳು ಮೆಲ್ಲಗೆ ನನ್ನ ಹಣೆಯ ಮೇಲೆ ಹತ್ತಿ, ಬಲಗಿವಿಯ ಹತ್ತಿರ ಹೋಗಿ, ಒತ್ತಿತು. ಸ್ವಲ್ಪ ಕೆಳಗೆ ಒತ್ತಿತು. ಎಡಗಡೆಗೂ ಹೋಗಿ ಹುಡುಕಿತು.

ಯಜಮಾನರು ಒದ್ದೆ ಟವೆಲನ್ನು ಕುರ್ಚಿಗೆ ಎಸೆದು ಹೇಳಿದರು: "ಬಿಡು ಮರಿ. ಐದು ವರ್ಷದಿಂದ ನಾನೂ ಹುಡುಕ್ತಾ ಇದ್ದೀನಿ. ಈ ಮಾಡಲ್‌ನಲ್ಲಿ ಅದು ಬರಲ್ಲ!"